ಮೇಷ್ಟ್ರ ಮಗಳು ನೀರಿಗಿಳಿದದ್ದು

ಮಾರ್ಚ್ 3, ಸೋಮವಾರ

ಇವತ್ತು ಊಟಕ್ಕೆ ಕೂತಾಗ ಅಪ್ಪ ಮಾತಲ್ಲೇ ನನ್ನ ಅಂಗಡಿಗೆ ಬೋರ್ಡು ಬರೆಸಿಯೇಬಿಟ್ಟರು. ಅಂಗಡಿ ಇನ್ನೂ ಇಲ್ಲ. ನಾನು ಫಾರ್ಮಸಿ ಓದಿ ಮುಗಿಸಿದ ಮೇಲೆ ತೆರೆಯಬೇಕಾದ ಮೆಡಿಕಲ್ ಶಾಪು ಅದು. ಬೋರ್ಡು ಹಸಿರೋ ನೀಲಿಯೋ ಅಂತ ಅಪ್ಪನಿಗೂ ಅಮ್ಮನಿಗೂ ಜಟಾಪಟಿ ಆಗಿ, ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ "ನೀನೇ ಹೇಳು" ಅಂದ್ರು. ಹಸಿರು ಅಂದೆ. ಜನವರಿಯಲ್ಲೇ ಕಾಲೇಜು ಬಿಟ್ಟವಳು, ಬಣ್ಣ ಆರಿಸೋಕೆ ಮಾತ್ರ ಹಿಂದೆಮುಂದೆ ನೋಡಲಿಲ್ಲ.

ಓದು ಕಷ್ಟ ಅಂತ ಬಿಟ್ಟದ್ದಲ್ಲ. ಅಲ್ಲಿ ಕೂತು ಓದ್ತಿರೋದು ನಾನಲ್ಲ, ಅಪ್ಪನ ಪರವಾಗಿ ಬಂದ ಯಾರೋ ಅನ್ನಿಸ್ತಿತ್ತು. ಅಪ್ಪ ನಮ್ಮ ದೇಶದಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು. ನನಗೆ ಆರು ವರ್ಷ ಇದ್ದಾಗ ಇಲ್ಲಿಗೆ ಬಂದ್ವಿ. ಇಲ್ಲಿ ಅವರ ಲೆಕ್ಕ ಯಾರಿಗೂ ಬೇಕಾಗಲಿಲ್ಲ; ಸಿಟಿ ಬಸ್ಸು ಓಡಿಸ್ತಾರೆ. ಅಮ್ಮ ಡ್ರೈ ಕ್ಲೀನಿಂಗ್ ಅಂಗಡಿಯ ಹಿಂದುಗಡೆ ಕೂತು ಊರವರ ಪ್ಯಾಂಟುಗಳನ್ನೆಲ್ಲಾ ಗಿಡ್ಡ ಮಾಡ್ತಾಳೆ. "ಇದೆಲ್ಲಾ ಯಾರಿಗೋಸ್ಕರ?" ಅಂತ ಅಪ್ಪ ಕೇಳಿದಾಗ "ನನಗೋಸ್ಕರ" ಅನ್ನಬೇಕು. ತಪ್ಪದೆ ಅನ್ನುತ್ತೇನೆ.

ಹೋದ ರಜೆಯಲ್ಲಿ, ಲ್ಯಾಬಿನಲ್ಲಿ ಕೆಲಸ ಅಂತ ಮನೇಲಿ ಸುಳ್ಳು ಹೇಳಿ, ಈಜುಕೊಳದಲ್ಲಿ ಯಾರೂ ಮುಳುಗದಂತೆ ಕಾಯೋ ಕೆಲಸಕ್ಕೆ ಸೇರಿದೆ. ರಜೆ ಮುಗೀತು, ನಾನು ಅಲ್ಲಿಂದ ಏಳಲಿಲ್ಲ. ಈಗ ದೊಡ್ಡವರಿಗೆ ಈಜು ಕಲಿಸೋ ತರಗತಿಯನ್ನೇ ಕೊಟ್ಟಿದ್ದಾರೆ. ಮನೆಗೆ ಬಂದ ಕೂಡಲೇ ಅಮ್ಮ ನನ್ನ ತಲೆ ಮೂಸಿ, ಕ್ಲೋರಿನ್ ವಾಸನೆ ಹಿಡಿದು, ಅಪ್ಪನಿಗೆ ಹೆಮ್ಮೆಯಿಂದ ಹೇಳ್ತಾಳೆ: "ಪಾಪ, ಇಡೀ ದಿನ ಔಷಧೀಲೇ ಮುಳುಗಿರ್ತಾಳೆ ರೀ."

ಮುಳುಗಿರೋದು ನಿಜ.

ಮಾರ್ಚ್ 6, ಗುರುವಾರ

ತರಗತಿಯಲ್ಲಿ ಒಟ್ಟು ಏಳೆಂಟು ಜನ. ಅವರಲ್ಲಿ ಇಬ್ಬರು ನನ್ನ ಆಯಸ್ಸು ಕಡಿಮೆ ಮಾಡೋಕೇ ಬಂದವರು. ಒಬ್ಬರು ಬೇಕರಿಯವರು. ಹಿಟ್ಟು ನಾದಿ ನಾದಿ ಆನೆಯ ತೋಳು ಬಂದಿದೆ, ಆದರೆ ಮುಖಕ್ಕೆ ಎರಡು ಹನಿ ಚಿಮ್ಮಿದರೆ "ಅಮ್ಮಾ" ಅನ್ನುತ್ತಾರೆ. ಇನ್ನೊಬ್ಬರು ಹಲ್ಲಿನ ಡಾಕ್ಟರು. ದಿನವಿಡೀ ಬೇರೆಯವರಿಗೆ "ಹೆದರ್ಬೇಡಿ, ನೋವಾಗಲ್ಲ" ಅನ್ನೋ ಹೆಂಗಸು ಇಲ್ಲಿ ಕೊಳದಂಚಿನ ಕಂಬಿ ಹಿಡಿದರೆ ಬೆರಳು ಒಂದೊಂದಾಗಿ ಬಿಡಿಸಬೇಕು.

ನಾನು "ದಯವಿಟ್ಟು, ಸಾಧ್ಯವಾದರೆ, ಸ್ವಲ್ಪ ಕಾಲು..." ಅಂತ ಶುರು ಮಾಡಿದೆ. ಮೇಲಿನಿಂದ ನೋಡ್ತಿದ್ದ ನಮ್ಮ ಮೇಲ್ವಿಚಾರಕಿ (ಸೀಟಿ ಸದಾ ಬಾಯಲ್ಲೇ ಇರೋದರಿಂದ ಎಲ್ಲರೂ ಸೀಟಿ ಅಕ್ಕ ಅನ್ನುತ್ತಾರೆ) ಸೀಟಿ ತೆಗೆದು ಕೇಳಿದರು: "ನೀನು ಕಲಿಸ್ತಿದ್ದೀಯೋ, ಕ್ಷಮೆ ಕೇಳ್ತಿದ್ದೀಯೋ?"

ಅಪ್ಪ ಹೇಳಿದಂತೆ ನಡೆದುಕೊಂಡು ಬೆಳೆದವಳು ನಾನು, ಏಳೆಂಟು ಜನಕ್ಕೆ ಹೇಳೋದು ಹೇಗೆ ಅಂತ ಎಲ್ಲಿ ಕಲಿಯಲಿ?

ಮಾರ್ಚ್ 11, ಮಂಗಳವಾರ

ಗ್ರಹಚಾರ. ಡಿಪೋದವರು ಅಪ್ಪನ ರೂಟು ಬದಲಾಯಿಸಿದ್ದಾರೆ. ಇನ್ನು ಮುಂದೆ ಅವರ ಬಸ್ಸು ಈಜುಕೊಳದ ಬಾಗಿಲೆದುರೇ ನಿಲ್ಲುತ್ತೆ.

ಗೊತ್ತಿಲ್ಲದೆ ಒದ್ದೆ ತಲೇಲಿ ಸ್ಟಾಪಿಗೆ ಬಂದೆ. ತಿರುವಿನಲ್ಲಿ ಬಸ್ಸು, ಗಾಜಿನ ಹಿಂದೆ ಅಪ್ಪನ ಮೀಸೆ. ಪಕ್ಕದಲ್ಲಿ ಒಬ್ಬಾಕೆ ದೊಡ್ಡ ಛತ್ರಿ ಬಿಚ್ಚಿದ್ದಳು, ಅದರೊಳಗೆ ನುಗ್ಗಿದೆ. ಆಕೆ ಬೆದರಿ "ಏನು ಬೇಕು?" ಅಂದಳು. "ನೆರಳು" ಅಂದೆ. ಮೋಡ ಕವಿದಿತ್ತು.

ಮುಂದಿನ ಸ್ಟಾಪಿನವರೆಗೆ ನಡೆದು ಬೇರೆ ಬಸ್ಸು ಹತ್ತಿದೆ. ಮನೇಲಿ ಅಪ್ಪ ಅಂದರು: "ಹೊಸ ರೂಟಲ್ಲಿ ಒಂದು ಈಜುಕೊಳ ಇದೆ. ಕೆಲಸಕ್ಕೆ ಬಾರದವರೆಲ್ಲಾ ಅಲ್ಲೇ ಇಳೀತಾರೆ."

ಮಾರ್ಚ್ 18, ಮಂಗಳವಾರ

ಇದನ್ನ ಬರೆದರೆ ಯಾರೂ ನಂಬಲ್ಲ. ಆದರೂ ಬರೀತೀನಿ.

ಇವತ್ತು ಹೊಸ ವಿದ್ಯಾರ್ಥಿನಿ ಬರ್ತಾರೆ, ಮಂಡಿ ನೋವಿನವರು, ಮೆಲ್ಲಗೆ ನೋಡ್ಕೋ ಅಂತ ಸೀಟಿ ಅಕ್ಕ ಹೇಳಿದ್ದರು. ಬಟ್ಟೆ ಬದಲಾಯಿಸೋ ಕೋಣೆಯ ಬಾಗಿಲು ತೆರೀತು. ಕುತ್ತಿಗೆಯಿಂದ ಮಂಡಿಯವರೆಗೆ ಮುಚ್ಚುವ ಕಪ್ಪು ಉಡುಪು, ಅದರ ಮೇಲೆ ಟವೆಲ್ಲು, ಅದರ ಮೇಲೆ ಇನ್ನೊಂದು ಟವೆಲ್ಲು. ತಲೆಗೆ ರಬ್ಬರ್ ಟೋಪಿ. ಟೋಪಿಯ ಕೆಳಗೆ ಅಮ್ಮ.

"ನೀನು ಇಲ್ಲೇನ್ ಮಾಡ್ತಿದ್ದೀಯೇ?"

"ನೀನೇನ್ ಮಾಡ್ತಿದ್ದೀಯಮ್ಮ?"

"ಮೊದಲು ಕೇಳಿದ್ದು ನಾನು."

ಅಷ್ಟರಲ್ಲಿ ಸೀಟಿ ಊದಿತು, ತರಗತಿ ಶುರು. ಹಾಗಾಗಿ ನಮ್ಮ ಜಗಳವೆಲ್ಲಾ ನೀರಿನೊಳಗೇ ನಡೆಯಬೇಕಾಯ್ತು. ನಮ್ಮ ಭಾಷೆ ಅಲ್ಲಿ ಬೇರೆ ಯಾರಿಗೂ ಬಾರದು ಅನ್ನೋದೊಂದೇ ಪುಣ್ಯ.

"ಕಾಲು ಒದಿಯಮ್ಮ."

"ಒದೀಬೇಕಾಗಿರೋದು ನಿನ್ನ. ಕಾಲೇಜಿಗೆ ರಜಾನಾ?"

"ಬಿಟ್ಟೆ. ಸೊಂಟ ಮೇಲೆತ್ತು."

"ಬಿಟ್ಟೆಯಾ! ಯಾವಾಗ?"

"ಜನವರೀಲಿ. ಉಸಿರು ಬಿಡು."

"ನೀನು ಮಾಡಿರೋ ಕೆಲಸಕ್ಕೆ ನನ್ನ ಉಸಿರೇ ನಿಂತೋಗಿದೆ, ಏನ್ ಬಿಡಲಿ?"

ಪಕ್ಕದಲ್ಲಿ ಬೇಕರಿಯವರು ಇದೇನೋ ಹೊಸ ಪಾಠ ಅಂದುಕೊಂಡು, ಪ್ರತಿ ಒದೆತಕ್ಕೂ "ಒದಿ, ಒದಿ" ಅಂತ ನಮ್ಮ ಭಾಷೇಲೇ ಹೇಳಿಕೊಳ್ಳೋಕೆ ಶುರು ಮಾಡಿದರು. ಹಲ್ಲಿನ ಡಾಕ್ಟರು ಅಮ್ಮನ ಸಿಟ್ಟು ನೋಡಿ ಧೈರ್ಯ ತಂದುಕೊಂಡು ಮೊದಲ ಸಲ ಕಂಬಿ ಬಿಟ್ಟರು.

ಅಮ್ಮನ ಕಥೆ ಏನಪ್ಪಾ ಅಂದರೆ, ಹೊಲಿಗೆ ಮಿಷನ್ನು ತುಳಿದು ಮಂಡಿ ಸವೆದಿದೆ, ನೀರಿನಲ್ಲಿ ವ್ಯಾಯಾಮ ಮಾಡಿ ಅಂತ ಆಸ್ಪತ್ರೆಯ ಡಾಕ್ಟರು ಹೇಳಿದ್ದಾರೆ. ಈ ವಯಸ್ಸಲ್ಲಿ ನಾಲ್ಕು ಜನರ ಮುಂದೆ ನೀರಿಗಿಳಿಯೋದಾ ಅಂತ ಅಪ್ಪ ಒಂದೇ ಮಾತಲ್ಲಿ ತಳ್ಳಿಹಾಕಿದರಂತೆ. ಅಮ್ಮ "ಆಯ್ತು ರೀ, ಆಸ್ಪತ್ರೇಲೇ ಮಾಡಿಸ್ಕೋತೀನಿ" ಅಂತ ಹೇಳಿ ಇಲ್ಲಿಗೆ ಬಂದಿದ್ದಾಳೆ.

ಮಾರ್ಚ್ 19, ಬುಧವಾರ

ಅಮ್ಮ ಅಪ್ಪನಿಗೆ ಹೇಳಿಲ್ಲ. ನಾನೂ ಹೇಳಿಲ್ಲ. ಊಟದ ಹೊತ್ತಿಗೆ ಅಪ್ಪ "ಇವತ್ತೇನು ಪಾಠ ಆಯ್ತು?" ಅಂದರು. ಅಮ್ಮನಿಗೆ ಕೆಮ್ಮು ಹತ್ತಿತು. ನಾನು ನೀರು ಕೊಟ್ಟೆ. ಇಬ್ಬರೂ ಲೋಟ ನೋಡಿದ್ವೇ ಹೊರತು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪಾತ್ರೆ ತೊಳೆಯುವಾಗ ಅಮ್ಮ ಮೆಲ್ಲಗೆ ಅಂದಳು: "ಮತ್ತೆ ಕಾಲೇಜಿಗೆ ಸೇರ್ತೀಯ. ಸೇರೋವರೆಗೆ ನಿನ್ನ ಹತ್ತಿರ ಮಾತಿಲ್ಲ." ಎರಡು ತಟ್ಟೆ ತೊಳೆದ ಮೇಲೆ: "ಗುರುವಾರದ ಕ್ಲಾಸು ಅದೇ ಟೈಮಿಗೇನಾ?"

ಮಾರ್ಚ್ 27, ಗುರುವಾರ

ಅಮ್ಮ ತೇಲಿದಳು!

ಎರಡೂ ಕೈ ಅವಳ ಬೆನ್ನ ಕೆಳಗಿಟ್ಟುಕೊಂಡು ನಿಂತಿದ್ದೆ. ಕಟ್ಟಿಗೆಯಂತೆ ಬಿಗಿದುಕೊಂಡಿದ್ದಳು. "ನಾನಿದ್ದೀನಿ, ಭಾರ ಬಿಡು" ಅಂದೆ. "ಬಿಟ್ಟು ಅಭ್ಯಾಸ ಇಲ್ವೇ" ಅಂದಳು. ಆಮೇಲೆ ಅದೇನಾಯ್ತೋ, ಕಿವಿ ನೀರಿನೊಳಗೆ ಹೋದದ್ದೇ ಮುಖ ಸಡಿಲವಾಯ್ತು. ಒಂದು ಕೈ ತೆಗೆದೆ. ಇನ್ನೊಂದನ್ನೂ ತೆಗೆದೆ. ಅಮ್ಮ ಚಾವಣಿ ನೋಡ್ತಾ ಹಾಗೇ ಇದ್ದಳು.

ಎದ್ದು ನಿಂತ ಮೇಲೆ ಹೇಳಿದಳು: "ಏನೂ ಕೇಳಿಸಲ್ಲ ಕಣೇ. ಮಿಷನ್ ಸದ್ದಿಲ್ಲ, ಅಂಗಡಿ ಬೆಲ್ಲು ಇಲ್ಲ, ನಿಮ್ಮಪ್ಪ ಕರೆದರೂ ಕೇಳಿಸಲ್ಲ." ಸ್ವಲ್ಪ ಯೋಚಿಸಿ, "ಇನ್ನೊಂದ್ಸಲ ಹಿಡ್ಕೋ" ಅಂದಳು.

ಬೇಕರಿಯವರು ಇವತ್ತೂ ತಡವಾಗಿ ಬಂದರು. ನೀರಿಗೆ ಬರೋ ಮುಂಚೆ ಗಡಿಯಾರ ನೋಡಿ ಬನ್ನಿ, ಇಲ್ಲಾಂದ್ರೆ ಆಚೆ ಬೆಂಚಿನ ಮೇಲೆ ಕೂತು ನೋಡಿ ಕಲೀರಿ ಅಂದೆ. ಹೋಗಿ ಬೆಂಚಿನ ಮೇಲೆ ಕೂತರು. ಸೀಟಿ ಅಕ್ಕ ಯಾಕೋ ನನ್ನನ್ನೇ ನೋಡ್ತಿದ್ದರು.

ಏಪ್ರಿಲ್ 5, ಶನಿವಾರ

ಮುಗೀತು. ಹೇಳಿಬಿಟ್ಟೆ.

ಹೇಳಬೇಕು ಅಂತ ಹೇಳಿದ್ದಲ್ಲ. ಅಪ್ಪನಿಗೆ ಎರಡು ದಿನದಿಂದ ಬೆನ್ನು ನೋವು. ಜೊತೆಯ ಡ್ರೈವರೊಬ್ಬರು ಯಾವುದೋ ಮಾತ್ರೆ ಕೊಟ್ಟಿದ್ದರಂತೆ. ಸಾಯಂಕಾಲ ಅದನ್ನೂ ತಮ್ಮ ಬಿಪಿ ಮಾತ್ರೆಯನ್ನೂ ಅಂಗೈಲಿ ಇಟ್ಟುಕೊಂಡು ನನ್ನ ಕೋಣೆಗೆ ಬಂದರು.

"ಇವೆರಡೂ ಒಟ್ಟಿಗೆ ತಗೋಬಹುದಾ?"

"ಡಾಕ್ಟರನ್ನ ಕೇಳಿ ಅಪ್ಪ."

"ಮನೇಲೇ ಓದಿದವಳಿರುವಾಗ ಡಾಕ್ಟರು ಯಾಕೆ? ನೀನು ಹೂಂ ಅಂದ್ರೆ ನುಂಗ್ತೀನಿ." ಇನ್ನೊಂದು ಕೈಲಿ ನೀರಿನ ಲೋಟ ಬೇರೆ.

ಇಷ್ಟು ದಿನ ಎಷ್ಟೊಂದು ಸುಳ್ಳು ಹೇಳಿದ್ದೀನಿ, ಒಂದೂ ಗಂಟಲಲ್ಲಿ ಸಿಕ್ಕಿಕೊಂಡಿರಲಿಲ್ಲ. ಅಪ್ಪನ ಕಣ್ಣಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ನನ್ನ ಹೂಂಗೂ ಕಾಯದೆ ಮಾತ್ರೆಯ ಕೈ ಬಾಯಿಯ ಹತ್ತಿರ ಹೋಗ್ತಿತ್ತು. ಅವರ ಕೈ ಹಿಡಿದುಕೊಂಡೆ.

"ನುಂಗಬೇಡಿ. ನನಗೆ ಗೊತ್ತಿಲ್ಲ. ನಾನು ಜನವರೀಲೇ ಓದು ಬಿಟ್ಟಿದ್ದೀನಿ. ಈಜುಕೊಳದಲ್ಲಿ ಕೆಲಸ ಮಾಡ್ತೀನಿ."

ಅಪ್ಪ ಕೂಗಾಡಲಿಲ್ಲ. ಮಾತ್ರೆ ಮೇಜಿನ ಮೇಲಿಟ್ಟರು. ಲೋಟದ ನೀರು ಕುಡಿದರು. ಹೋದರು.

ಏಪ್ರಿಲ್ 6, ಭಾನುವಾರ

ಮಾತಿಲ್ಲ.

ಏಪ್ರಿಲ್ 9, ಬುಧವಾರ

ಮಾತಿಲ್ಲ ಅಂದರೆ ಪೂರ್ತಿ ಇಲ್ಲ ಅಂತಲ್ಲ, ಅಮ್ಮನ ಮೂಲಕ ಇದೆ. "ಉಪ್ಪು ಈ ಕಡೆ ಕೊಡೋಕೆ ಹೇಳು." ನಾನು ಅವರ ಪಕ್ಕದಲ್ಲೇ ಕೂತಿರ್ತೀನಿ. ಅಮ್ಮ ಒಲೆ ಹತ್ತಿರದಿಂದ ಬಂದು "ಉಪ್ಪು ಕೊಡಬೇಕಂತೆ" ಅನ್ನುತ್ತಾಳೆ. ಇವತ್ತು ಅವಳಿಗೂ ರೋಸಿಹೋಗಿ ಉಪ್ಪಿನ ಡಬ್ಬಿ ಎತ್ತಿ ಮೇಜಿನ ನಡುವೆ ಕುಕ್ಕಿದಳು.

ಆ ಎರಡು ಮಾತ್ರೆ ಒಟ್ಟಿಗೆ ತಗೋಬಾರದು ಅಂತ ಡಾಕ್ಟರು ಹೇಳಿದರಂತೆ. ಇದನ್ನೂ ಅಮ್ಮನೇ ಹೇಳಿದಳು.

ಏಪ್ರಿಲ್ 14, ಸೋಮವಾರ

ಒಂದು ವಿಷಯ ಕಂಡುಹಿಡಿದೆ. ಬಸ್ಸಿನಲ್ಲಿ ಅಪ್ಪ ನನ್ನ ಹತ್ತಿರ ಮಾತಾಡಲೇಬೇಕು! ಡ್ಯೂಟಿ.

ಇನ್ನು ಬಚ್ಚಿಡೋದೇನಿದೆ ಅಂತ ಇವತ್ತು ಅವರ ಬಸ್ಸನ್ನೇ ಹತ್ತಿದೆ. ಮುಂದೆಯೇ ಕಂಬ ಹಿಡಿದು ನಿಂತೆ. ಅಪ್ಪ ರಸ್ತೆ ನೋಡ್ತಾ ಹೇಳಿದರು: "ಪಾಸ್ ತೋರಿಸಿ." ತೋರಿಸಿದೆ. "ದಯವಿಟ್ಟು ಒಳಗೆ ಸರೀರಿ." ಬಹುವಚನ! ಹುಟ್ಟಿದಾಗಿನಿಂದ ನನಗೆ ಇಷ್ಟು ಮರ್ಯಾದೆ ಕೊಟ್ಟವರಲ್ಲ.

"ಎಷ್ಟು ಒಳಗೆ?" ಅಂದೆ.

"ಜಾಗ ಇರೋವಷ್ಟು."

ಬೇರೆ ಎಲ್ಲಾ ಸ್ಟಾಪಿನ ಹೆಸರನ್ನೂ ಮೈಕಿನಲ್ಲಿ ಸ್ಪಷ್ಟವಾಗಿ ಹೇಳಿದರು. ಈಜುಕೊಳ ಬಂದಾಗ ಮಾತ್ರ ಕೆಮ್ಮಿದರು. ನಾಲ್ಕು ಜನ ಇಳಿಯೋದು ಮರೆತು ಮುಂದೆ ಹೋದರು ಅಂತ ಕಾಣುತ್ತೆ.

ಮನೆಯ ಮೌನಕ್ಕಿಂತ ಇದು ಎಷ್ಟೋ ವಾಸಿ. ನಾಳೆಯೂ ಇದೇ ಬಸ್ಸು.

ಏಪ್ರಿಲ್ 17, ಗುರುವಾರ

ಸಾಯಂಕಾಲ ಅಪ್ಪ ಅಮ್ಮನ ಮೂಲಕ ಹೇಳಿಸಿದರು: ಕಾಲೇಜಿನವರ ಕಾಲು ಹಿಡಿದಾದರೂ ಮತ್ತೆ ಸೇರಿಸ್ತೀನಿ, ಆ ನೀರಿನ ಕೆಲಸ ನಾಳೆಯೇ ಬಿಡಲಿ.

ಅಮ್ಮ ಸಂದೇಶ ನನಗೆ ದಾಟಿಸಲಿಲ್ಲ. ಅವರ ಕಡೆಗೇ ತಿರುಗಿ ಅಂದಳು: "ಅವಳು ಬಿಟ್ಟರೆ ನನಗೆ ಕಲಿಸೋರು ಯಾರು?"

"ಏನು ಕಲಿಸೋದು?"

"ಈಜು. ಒಂದು ತಿಂಗಳಾಯ್ತು ಹೋಗ್ತಾ. ಮಂಡಿ ನೋವು ಅರ್ಧ ಇಳಿದಿದೆ. ಮೆಟ್ಟಿಲು ಹತ್ತುವಾಗ ನಾನು ಅಯ್ಯೋ ಅನ್ನೋದು ನಿಂತಿದೆಯಲ್ಲ, ಗಮನಿಸಿಲ್ವಾ?"

ಅಪ್ಪ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ, ಯಾರ ಮೂಲಕ ಮಾತಾಡೋದು ಅಂತ ಗೊತ್ತಾಗದೆ, ಗೋಡೆಗೆ ಹೇಳಿದರು: "ಈ ಮನೇಲಿ ಒಣಗಿರೋನು ನಾನೊಬ್ಬನೇ."

ನಾನೂ ಹೇಳಿದೆ. ಬಾಯಿ ಒಣಗಿತ್ತು, ಆದರೂ ಹೇಳಿದೆ. "ಕಾಲೇಜಿಗೆ ಹೋಗಲ್ಲ ಅಪ್ಪ. ಸುಳ್ಳು ಹೇಳಿದ್ದು ತಪ್ಪು, ಬಿಟ್ಟದ್ದು ತಪ್ಪಲ್ಲ. ತರಬೇತುದಾರರ ಪರೀಕ್ಷೆ ಕಟ್ತಿದ್ದೀನಿ."

ಅಪ್ಪ ಎದ್ದು ಹೋಗ್ತಿದ್ದವರು ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಪರೀಕ್ಷೆ ಅನ್ನೋ ಮಾತಿಗೆ ಇರಬೇಕು. ತಿರುಗಿ ಮಾತ್ರ ನೋಡಲಿಲ್ಲ.

ಏಪ್ರಿಲ್ 24, ಗುರುವಾರ

ಇವತ್ತು ಅಪ್ಪನಿಗೆ ವಾರದ ರಜೆ. ತರಗತಿ ನಡುವೆ ಕಣ್ಣೆತ್ತಿದರೆ ಗಾಜಿನಾಚೆಯ ಬೆಂಚಿನಲ್ಲಿ ಅಪ್ಪ! ಇಸ್ತ್ರಿ ಮಾಡಿದ ಅಂಗಿ, ಬೂಟಿನ ಮೇಲೆ, ನೆಲ ಕೊಳೆಯಾಗದಿರಲಿ ಅಂತ ಅಲ್ಲಿಯವರು ಕೊಟ್ಟ ನೀಲಿ ಪ್ಲಾಸ್ಟಿಕ್ ಚೀಲ. ಕೈ ಕಟ್ಟಿಕೊಂಡು ಕೂತಿದ್ದರು. ಅಮ್ಮನನ್ನು ಕರೆದುಕೊಂಡು ಹೋಗೋಕೆ ಬಂದಿದ್ದಾರೆ ಅಂದುಕೊಂಡೆ.

ಅಮ್ಮ ಇವತ್ತು ಕೊಳದ ಅಗಲವನ್ನು ಒಬ್ಬಳೇ ದಾಟಬೇಕಿತ್ತು. ಅವಳೂ ಅವರನ್ನು ನೋಡಿದಳು. "ಹೋಗಲಾ?" ಅಂದಳು ನನಗೆ. "ಹೋಗು" ಅಂದೆ. ಅವಳ ಈಜು ನೋಡೋಕೆ ಅಂಥ ಚಂದವೇನಲ್ಲ, ಹೊಲಿಗೆ ಹಾಕಿದ ಹಾಗೆ ಒಂದೊಂದೇ ಕೈ. ಅರ್ಧ ದಾಟುವಾಗ ನೀರು ಕುಡಿದು ಕೆಮ್ಮಿದಳು. ಅಪ್ಪ ಗಾಜಿನ ಬಾಗಿಲು ತಳ್ಳಿಕೊಂಡು ಕೊಳದಂಚಿಗೆ ಓಡಿ ಬಂದರು, ಪ್ಲಾಸ್ಟಿಕ್ ಚೀಲದಲ್ಲಿ ಜಾರ್ತಾ.

ನಾನು ಕುತ್ತಿಗೆಯಲ್ಲಿದ್ದ ಸೀಟಿ ಊದಿದೆ. "ಓಡಬಾರದು! ಅಲ್ಲೇ ನಿಲ್ಲಿ!"

ನಿಂತರು. ಅಮ್ಮ ಕೆಮ್ಮು ಮುಗಿಸಿ ಉಳಿದ ಅರ್ಧ ದಾಟಿ ಕಂಬಿ ಹಿಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ತಟ್ಟಲಿಲ್ಲ. ಜೇಬಿನಿಂದ ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. ಅಲ್ಲಿ ಸೆಕೆ ಜಾಸ್ತಿ.

ಮೂವರೂ ಒಟ್ಟಿಗೆ ಮನೆಗೆ ನಡೆದ್ವಿ. ಸಿಗ್ನಲ್ ಹತ್ತಿರ ಅಪ್ಪ ನೇರವಾಗಿ ನನಗೇ ಹೇಳಿದರು, ಡ್ಯೂಟಿ ಮಾತು ಬಿಟ್ಟರೆ ಹತ್ತೊಂಬತ್ತು ದಿನದ ಮೇಲೆ:

"ಕೊನೇ ಸಾಲಿನವರನ್ನ ನೀನು ನೋಡ್ತಾನೇ ಇಲ್ಲ."

"ಯಾರನ್ನ?"

"ಆ ದಪ್ಪ ತೋಳಿನವರು. ಕೈ ಮಾತ್ರ ಬಡೀತಾರೆ. ಕಾಲು ನೆಲದ ಮೇಲಿದೆ. ನಡೀತಿದ್ದಾರೆ. ನಾನು ಇಪ್ಪತ್ತು ವರ್ಷ ಪಾಠ ಮಾಡಿದ್ದೀನಿ, ಕಾಪಿ ಹೊಡೆಯೋ ಮುಖ ನನಗೆ ಗೊತ್ತಾಗುತ್ತೆ."

ಏಪ್ರಿಲ್ 29, ಮಂಗಳವಾರ

ನಿಜ! ಬೇಕರಿಯವರು ಇಷ್ಟು ದಿನವೂ ನಡೀತಿದ್ದರು!

ಪಕ್ಕಕ್ಕೆ ಕರೆದು ಕೇಳಿದೆ. ತಲೆ ತಗ್ಗಿಸಿದರು. ಮೊದಲನೇ ವಾರವೇ ಈಜು ಬಂತು ಅಂತ ಮನೇಲಿ ಹೇಳಿಬಿಟ್ಟಿದ್ದಾರಂತೆ. ಹೆಂಡತಿ ಊರೆಲ್ಲಾ ಹೇಳಿದ್ದಾಳೆ, ಈಗ ಈಜು ಬರಲ್ಲ ಅಂತ ಹೇಗೆ ಹೇಳಲಿ ಅಂದರು. ಅವರಿಗೆ ಬೈಯಬೇಕು ಅಂತ ಬಾಯಿ ತೆರೆದವಳಿಗೆ ನನ್ನ ಲ್ಯಾಬಿನ ಕೆಲಸ ನೆನಪಾಯ್ತು. "ಬನ್ನಿ, ಮೊದಲಿಂದ ಶುರು ಮಾಡೋಣ" ಅಂದೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ಗೊತ್ತಿತ್ತು" ಅಂದರು. ಮೀಸೆ ಸ್ವಲ್ಪ ಅಲುಗಾಡಿತು.

ಮೇ 4, ಭಾನುವಾರ

ವಿಮಾ ಏಜೆಂಟ್ ಮಾವ ಊಟಕ್ಕೆ ಬಂದಿದ್ದರು. ನಮ್ಮ ಜೊತೆಯೇ ದೇಶ ಬಿಟ್ಟು ಬಂದವರು, ಅಪ್ಪನ ಹಳೇ ಸ್ನೇಹಿತರು. ಅವರ ಹತ್ತಿರ ಅಪ್ಪ ನನ್ನ ಮೆಡಿಕಲ್ ಶಾಪಿನ ಬಗ್ಗೆ ಎಷ್ಟು ಹೇಳಿದ್ದಾರೆ ಅಂದರೆ, ಮಾವ ಅದಕ್ಕೊಂದು ಪಾಲಿಸಿ ಕೂಡ ನೋಡಿಟ್ಟಿದ್ದಾರೆ.

"ಮಗಳ ಓದು ಎಲ್ಲಿಗೆ ಬಂತು?"

ಅಮ್ಮ ಸೌಟು ಹಿಡಿದು ನಿಂತಲ್ಲೇ ನಿಂತಳು. ಹೇಳೋಕೆ ನಾನೇ ಬಾಯಿ ತೆರೆದೆ. ಅಪ್ಪ ಕೈ ಅಡ್ಡ ಇಟ್ಟರು.

"ಬಿಟ್ಟಳು."

"ಹಾಂ?"

"ಓದು ಬಿಟ್ಟಳು. ಈಜು ಕಲಿಸ್ತಾಳೆ."

"ಅಯ್ಯಯ್ಯೋ" ಅಂದರು ಮಾವ. ತುಂಬಾ ಉದ್ದವಾಗಿ ಅಂದರು.

"ಅಯ್ಯೋ ಯಾಕೆ?" ಅಂದರು ಅಪ್ಪ. ತಮ್ಮ ದುಃಖವನ್ನ ಬೇರೆಯವರು ಪಡೋದು ಅವರಿಗೆ ಹಿಡಿಸಲಿಲ್ಲ ಅಂತ ಕಾಣುತ್ತೆ. "ನಿನಗೆ ಈಜು ಬರುತ್ತಾ?"

"ಇಲ್ಲ."

"ನನಗೂ ಬರಲ್ಲ. ಅವಳಮ್ಮನಿಗೆ ಬರುತ್ತೆ. ಸುಮ್ನೆ ಊಟ ಮಾಡು."

ಮಾವ ಹೋದ ಮೇಲೆ ಅಪ್ಪ ನನ್ನ ಕೋಣೆ ಬಾಗಿಲಿಗೆ ಬಂದರು. "ನಾನು ಒಪ್ಪಿದ್ದೀನಿ ಅಂದ್ಕೋಬೇಡ."

"ಇಲ್ಲಪ್ಪ."

"ಸಿಟ್ಟು ಹಾಗೇ ಇದೆ."

"ಇರಲಿ ಬಿಡಿ. ನಾನೂ ಎಲ್ಲೂ ಹೋಗಲ್ಲ."

"ಆ ಪರೀಕ್ಷೆ ಯಾವಾಗ?"

"ಜೂನ್‌ನಲ್ಲಿ."

"ಜೂನ್‌ನಲ್ಲಿ ಪರೀಕ್ಷೆ ಇಟ್ಕೊಂಡು ಈಗ ಮಲಗಿದ್ದೀಯಲ್ಲ!"

ಮೇ 13, ಮಂಗಳವಾರ

ಹೊಸ ತಂಡ ಶುರು. ಆರು ಜನರಲ್ಲಿ ನಾಲ್ಕು ಜನ ಅಪ್ಪನ ಬಸ್ಸಿನ ಪ್ರಯಾಣಿಕರು. "ಡ್ರೈವರು ಹೇಳಿ ಕಳಿಸಿದರು" ಅಂತ ಬಂದಿದ್ದಾರೆ. ಐದನೆಯವರು ವಿಮಾ ಏಜೆಂಟ್ ಮಾವ. ಹೇಗೆ ಒಪ್ಪಿಸಿದರೋ ಗೊತ್ತಿಲ್ಲ, ಮಾವ ಕಂಬಿ ತಬ್ಬಿಕೊಂಡು ನನ್ನನ್ನು ಮೊದಲ ಸಲ "ಮೇಡಂ" ಅಂದರು. ಬೇಕರಿಯವರು ಈಗ ಹಳೇ ಹುಲಿ. ಹೊಸಬರಿಗೆಲ್ಲಾ "ಒದಿ, ಒದಿ" ಅಂತ ಹೇಳಿಕೊಟ್ಟರು.

ತಾವು ಮಾತ್ರ ನೀರಿಗೆ ಕಾಲಿಡಲ್ಲ ಅಂತ ಅಪ್ಪ ಖಡಾಖಂಡಿತವಾಗಿ ಹೇಳಿದ್ದಾರೆ. ಆದರೆ ಡ್ಯೂಟಿ ಇಲ್ಲದಾಗೆಲ್ಲಾ ಗಾಜಿನಾಚೆ ಬಂದು ಕೂರೋದು ಬಿಡಲ್ಲ. ಇವತ್ತು ಕೂತವರು ಎದ್ದು ನಿಂತು ಮಾವನಿಗೆ ಅಲ್ಲಿಂದಲೇ ಕೈ ಬೀಸಿ ಬೀಸಿ ಪಾಠ ಹೇಳ್ತಿದ್ದರು, ಅದೂ ತಪ್ಪು ತಪ್ಪು. ನನ್ನ ವಿದ್ಯಾರ್ಥಿಗಳೆಲ್ಲಾ ನನ್ನನ್ನು ಬಿಟ್ಟು ಅವರನ್ನೇ ನೋಡ್ತಿದ್ದಾರೆ! ಎರಡು ಸಲ ಕಣ್ಣು ಬಿಟ್ಟೆ, ಕೇಳಲಿಲ್ಲ. ಕೊನೆಗೆ ಗಾಜಿನ ಹತ್ತಿರ ಹೋಗಿ ಬೆರಳು ತೋರಿಸಿ, "ಕೂತ್ಕೊಳ್ಳಿ. ತರಗತಿ ಮುಗಿಯೋವರೆಗೆ ಒಂದು ಮಾತಿಲ್ಲ" ಅಂದೆ.

ಕೂತರು. ಕೈ ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು.

ಮನೆಗೆ ಬರುವಾಗ, ತಾನೂ ಈಜೋಕೆ ಬಂದಿದ್ದ ಅಮ್ಮನಿಗೆ ಹೇಳಿದೆ: ಅಪ್ಪನಿಗೆ ಸ್ವಲ್ಪವೂ ಶಿಸ್ತಿಲ್ಲ, ಇನ್ನು ಮುಂದೆ ನಾನು ಸ್ವಲ್ಪ ಬಿಗಿಯಾಗಿರಬೇಕು ಅಂತ. ಅದರಲ್ಲಿ ನಗೋ ಅಂಥದ್ದೇನಿತ್ತು ಅಂತ ಗೊತ್ತಾಗಲಿಲ್ಲ. ಅಮ್ಮ ರಸ್ತೆಯಲ್ಲೇ ನಿಂತು, ಹೊಟ್ಟೆ ಹಿಡಿದುಕೊಂಡು, ಹಿಂದಿನಿಂದ ಅಪ್ಪ ಬಂದು "ಏನಾಯ್ತೇ?" ಅನ್ನೋವರೆಗೂ ನಕ್ಕಳು.